ಮಹಾಲಕ್ಷ್ಮಿಯ ಹೆಸರಿನ ಕಾಗದ

ಹೊಳೆಕೊಪ್ಪ, ತೀರ್ಥಹಳ್ಳಿ ತಾಲ್ಲೂಕು
17 ಜುಲೈ 1965

ಶ್ರೀ ಬೆಳ್ಳಪ್ಪನವರಿಗೆ ನಮಸ್ಕಾರ.

ನಾನು ಹೊಳೆಕೊಪ್ಪದ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ನಿಮ್ಮ ಮಗಳು ಜಲಜ ಈ ಜೂನ್‌ನಿಂದ ನನ್ನ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ನಿಮ್ಮ ವಿಳಾಸವನ್ನು ಅವಳ ಅಜ್ಜಿ ಯಮುನಮ್ಮನಿಂದ ತೆಗೆದುಕೊಂಡೆ. ಗಾಬರಿಪಡುವಂಥದ್ದು ಏನೂ ಇಲ್ಲ.

ಜಲಜ ಬುದ್ಧಿವಂತೆ, ಅಕ್ಷರ ದುಂಡಗಿದೆ. ಆದರೆ ಶಾಲೆಗೆ ಸೇರಿ ಒಂದೂವರೆ ತಿಂಗಳಾದರೂ ಯಾರೊಡನೆಯೂ ಬೆರೆಯುವುದಿಲ್ಲ. ಮಕ್ಕಳು ಅವಳನ್ನು 'ಮುಳುಗಡೆಯವಳು' ಎನ್ನುತ್ತಾರೆ. ನಾನು ಬೈದು ನೋಡಿದೆ. ಬೈದರೆ ನನ್ನ ಎದುರಿಗೆ ಮಾತ್ರ ಅನ್ನುವುದಿಲ್ಲ. ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ಪ್ರತಿ ಶನಿವಾರ ಮಕ್ಕಳು ಚೀಟಿ ಎತ್ತುತ್ತಾರೆ. ಯಾರ ಹೆಸರು ಬಂತೋ ಅವರಿಗೆ ಒಂದು ಕಾಗದ ಬರೆಯಬೇಕು, ಅದರಲ್ಲಿ ಅವರ ಬಗ್ಗೆ ಒಂದಾದರೂ ಒಳ್ಳೆಯ ಮಾತು ಇರಬೇಕು. ಬಿಸ್ಕತ್ತಿನ ಡಬ್ಬಿಯನ್ನೇ ಕತ್ತರಿಸಿ ಅಂಚೆಡಬ್ಬ ಮಾಡಿದ್ದೇವೆ. ಕಾಗದ ಬರೆಯಲು ಕಲಿತ ಹಾಗೂ ಆಯಿತು, ಇನ್ನೊಬ್ಬರ ಮನಸ್ಸನ್ನು ತಿಳಿದ ಹಾಗೂ ಆಯಿತು. ಮೊನ್ನೆ ಬಂದ ಇನ್‌ಸ್ಪೆಕ್ಟರು ಇದನ್ನು ತುಂಬ ಮೆಚ್ಚಿ, ಬೇರೆ ಶಾಲೆಗಳಿಗೂ ಹೇಳುವುದಾಗಿ ಬರೆದು ಹೋಗಿದ್ದಾರೆ.

ಕಳೆದ ವಾರ ಜಲಜಳಿಗೆ ಮಹಾಲಕ್ಷ್ಮೀ ಎಂಬ ಹುಡುಗಿಯಿಂದ ಕಾಗದ ಬಂತು. ಓದಿ ನಕ್ಕಳು. ಅವಳು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು. ಈ ಸಂತೋಷವನ್ನು ನಿಮಗೆ ತಿಳಿಸಬೇಕೆನಿಸಿತು. ನೀವೂ ಮಗಳಿಗೆ ಬರೆಯುತ್ತಿರಿ. ಬರೆಯಲು ಬಾರದಿದ್ದರೆ ಯಾರಿಂದಲಾದರೂ ಬರೆಸಿ.

ಇಂತು,
ಸತ್ಯಭಾಮಾ


ಕಾರ್ಗಲ್
1 ಆಗಸ್ಟ್ 1965

ಅಕ್ಕೋರಿಗೆ ಬೆಳ್ಳಪ್ಪ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ನನಗೆ ಬರೆಯಲು ಬರುತ್ತದೆ. ನಮ್ಮೂರಿನ ಶಾಲೆಯಲ್ಲಿ ನಾಲ್ಕರವರೆಗೆ ಓದಿದವನು. ಆ ಶಾಲೆಯ ಕಂಬಗಳನ್ನು ನಾವೇ ಕಿತ್ತು ಗಾಡಿಗೆ ಹೇರಿದೆವು. ಆಮೇಲೆ ಅಣೆಕಟ್ಟಿನ ನೀರು ಬಂತು. ಜಲಜಳ ತಾಯಿ ಊರು ಬಿಟ್ಟು ಬಂದ ವರ್ಷವೇ ಜ್ವರದಲ್ಲಿ ಹೋದಳು. ನಾನು ಇಲ್ಲಿ ಪ್ರಾಜೆಕ್ಟಿನ ಉಗ್ರಾಣದಲ್ಲಿ ಕೆಲಸಕ್ಕಿದ್ದೇನೆ. ಒಂದು ಶೆಡ್ಡಿನಲ್ಲಿ ಆರು ಗಂಡಸರು ಇದ್ದೇವೆ. ಹೆಣ್ಣು ಮಗುವನ್ನು ಇಲ್ಲಿ ಇಟ್ಟುಕೊಳ್ಳುವುದು ಹೇಗೆಂದು ಅವಳ ಅಜ್ಜಿಯ ಹತ್ತಿರ ಬಿಟ್ಟೆ.

ಜಲಜ ಆ ಕಾಗದವನ್ನು ನನಗೇ ಕಳಿಸಿದ್ದಾಳೆ. ಅಜ್ಜಿಯ ಮನೆ ಸೋರುತ್ತದೆ, ನೆನೆದು ಹೋಗುತ್ತದೆ, ನೀನು ಜೋಪಾನ ಮಾಡಪ್ಪ ಅಂತ ಬರೆದಿದ್ದಾಳೆ. ಟ್ರಂಕಿನಲ್ಲಿ ಇಟ್ಟಿದ್ದೇನೆ. ಶೆಡ್ಡಿನವರೆಲ್ಲ ಓದಿಸಿ ಕೇಳಿದರು. 'ಜಲಜಾ, ನಿನ್ನ ಅಕ್ಷರ ನನ್ನ ಅಕ್ಷರಕ್ಕಿಂತ ಚಂದ. ನೀನು ಹಾಡು ಹೇಳುವುದನ್ನು ಒಂದು ದಿನ ಕೇಳಿದೆ. ನೀನು ನನ್ನ ಪಕ್ಕದಲ್ಲಿ ಕೂತರೆ ನನಗೆ ಸಂತೋಷ. ಒಂದು ದಿನ ನಮ್ಮ ಮನೆಗೆ ಬಾ, ಆಡೋಣ.' ಒಂಬತ್ತು ವರ್ಷದ ಮಗು ಇಷ್ಟು ಬರೆಯುತ್ತದೆ ಅಂದರೆ ಅದು ನಿಮ್ಮ ಪಾಠದ ಗುಣ.

ನಾನು ಜಲಜಳಿಗೆ ಬರೆದಿದ್ದೇನೆ. ಅಷ್ಟು ಪ್ರೀತಿಯಿಂದ ಕರೆದವರ ಮನೆಗೆ ಹೋಗದಿದ್ದರೆ ತಪ್ಪಾಗುತ್ತದೆ, ಒಂದು ಭಾನುವಾರ ಹೋಗಿ ಬಾ, ಬರಿಗೈಯಲ್ಲಿ ಹೋಗಬೇಡ ಅಂತ. ದೊಡ್ಡವರ ಮನೆ ಅಂತ ಯಮುನಮ್ಮ ಹಿಂದೆಮುಂದೆ ನೋಡಬಹುದು. ಕಾಗದದಲ್ಲೇ ಕರೆದಿದ್ದಾರಲ್ಲ ಅಂತ ಅವರಿಗೂ ಬರೆದೆ.

ನೀವು ಮಾಡಿದ ಉಪಕಾರ ಮರೆಯುವಂಥದ್ದಲ್ಲ.

ಬೆಳ್ಳಪ್ಪ


ಹೊಳೆಕೊಪ್ಪ
7 ಆಗಸ್ಟ್ 1965

ಶ್ರೀ ಬೆಳ್ಳಪ್ಪನವರಿಗೆ ನಮಸ್ಕಾರ.

ನಿಮ್ಮ ಕಾಗದ ಈಗ ತಾನೆ ಬಂತು, ಅವಸರದಲ್ಲಿ ಈ ಕಾರ್ಡು ಬರೆಯುತ್ತಿದ್ದೇನೆ. ಜಲಜಳನ್ನು ಸದ್ಯಕ್ಕೆ ಯಾರ ಮನೆಗೂ ಹೋಗಲು ಹೇಳಬೇಡಿ. ಹಳ್ಳ ತುಂಬಿದೆ, ದಾಟುವ ಮರದ ಸಂಕ ಜಾರುತ್ತದೆ. ಶಾಲೆಯಲ್ಲೇ ಮಹಾಲಕ್ಷ್ಮಿಗೆ ಒಂದು ಮಾತು ಹೇಳಿದರೆ ಸಾಕು. ಅದೂ ಹೇಳಲೇಬೇಕೆಂದಿಲ್ಲ. ಮಕ್ಕಳ ಕಾಗದಗಳನ್ನು ಅಷ್ಟು ಮನಸ್ಸಿಗೆ ತೆಗೆದುಕೊಳ್ಳಬಾರದು.

ಸತ್ಯಭಾಮಾ


ಹೊಳೆಕೊಪ್ಪ
14 ಆಗಸ್ಟ್ 1965

ಶ್ರೀ ಬೆಳ್ಳಪ್ಪನವರಿಗೆ ನಮಸ್ಕಾರ.

ಜಲಜ ಸೋಮವಾರದಿಂದ ಶಾಲೆಗೆ ಬಂದಿಲ್ಲ. ಯಮುನಮ್ಮ ಜ್ವರ ಎಂದು ಹೇಳಿ ಕಳಿಸಿದ್ದಾರೆ. ಈಗ ಎಲ್ಲರ ಮನೆಯಲ್ಲೂ ಜ್ವರವಿದೆ. ನಾಲ್ಕು ದಿನ ಗಂಜಿ, ಕಷಾಯ ಕುಡಿದರೆ ಇಳಿಯುತ್ತದೆ. ಅವಳ ಪಾಠ ಹಿಂದೆ ಬೀಳದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಶಾಲೆಗೆ ಬರಲು ನೀವೂ ಅವಳಿಗೆ ಧೈರ್ಯ ಹೇಳಿ ಬರೆಯಿರಿ. ನಿಮ್ಮ ಮಾತು ಕೇಳುತ್ತಾಳೆ.

ಸತ್ಯಭಾಮಾ


ಕಾರ್ಗಲ್
22 ಆಗಸ್ಟ್ 1965

ಅಕ್ಕೋರಿಗೆ ನಮಸ್ಕಾರಗಳು.

ನಿಮ್ಮ ಎರಡೂ ಕಾಗದ ಬಂದವು. ಜಲಜಳ ಕಾರ್ಡೂ ಬಂತು. ಅದರಲ್ಲಿ ಎರಡೇ ಸಾಲು ಇದೆ. 'ಅಪ್ಪಾ, ನಾನು ಇನ್ನು ಶಾಲೆಗೆ ಹೋಗುವುದಿಲ್ಲ. ಆ ಕಾಗದ ಹರಿದು ಒಲೆಗೆ ಹಾಕು.' ಜ್ವರದ ವಿಷಯ ಬರೆದಿಲ್ಲ.

ನನ್ನ ಮಗಳು ಊರು ಮುಳುಗಿದಾಗ ಅತ್ತವಳಲ್ಲ. ತಾಯಿ ಹೋದಾಗ ಅತ್ತಳು, ಆಮೇಲೆ ಸುಮ್ಮನಾದಳು. ಒಂದು ವಸ್ತುವನ್ನು ಜೋಪಾನ ಮಾಡು ಅಂದವಳು ಹದಿನೈದು ದಿನದಲ್ಲಿ ಒಲೆಗೆ ಹಾಕು ಅಂದರೆ ಏನೋ ಆಗಿದೆ. ಏನು ಅಂತ ನಿಮಗೆ ಗೊತ್ತಿದ್ದರೆ ದಯಮಾಡಿ ಬರೆಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯಿರಿ.

ಕಾಗದವನ್ನು ನಾನು ಹರಿದಿಲ್ಲ.

ಬೆಳ್ಳಪ್ಪ


ಹೊಳೆಕೊಪ್ಪ
30 ಆಗಸ್ಟ್ 1965

ಶ್ರೀ ಬೆಳ್ಳಪ್ಪನವರಿಗೆ ನಮಸ್ಕಾರ.

ನೀವು ನೇರವಾಗಿ ಕೇಳಿದ್ದೀರಿ. ನಾನೂ ನೇರವಾಗಿ ಹೇಳುತ್ತೇನೆ. ಆ ಕಾಗದವನ್ನು ಬರೆದವಳು ಮಹಾಲಕ್ಷ್ಮೀ ಅಲ್ಲ, ನಾನು.

ಮಹಾಲಕ್ಷ್ಮೀ ನನ್ನ ಅಣ್ಣನ ಮಗಳು. ನಾನಿರುವುದೂ ಅದೇ ಮನೆಯಲ್ಲಿ. ಆ ಶನಿವಾರ ಜಲಜಳ ಹೆಸರಿನ ಚೀಟಿ ಅವಳಿಗೆ ಬಂತು. ಅವಳು ಬರೆದದ್ದು ಚೆನ್ನಾಗಿರಲಿಲ್ಲ. ಅದನ್ನು ಹರಿದು ಹಾಕಿ, ಅವಳ ಹೆಸರಿನಲ್ಲಿ ನಾನೇ ಬರೆದು ಡಬ್ಬದಲ್ಲಿ ಹಾಕಿದೆ. ಜಲಜಳ ಮನಸ್ಸಿಗೆ ನೋವಾಗಬಾರದೆಂಬುದೇ ನನ್ನ ಉದ್ದೇಶ.

ಜಲಜ ಎಂಟನೆಯ ತಾರೀಖು ಭಾನುವಾರ ನಮ್ಮ ಮನೆಗೆ ಬಂದಳಂತೆ. ಕಾಗದದ ವಿಷಯ ಮಹಾಲಕ್ಷ್ಮಿಗೆ ಗೊತ್ತಿರಲಿಲ್ಲ. ಬರೆದಿಲ್ಲ ಎಂದುಬಿಟ್ಟಳಂತೆ. ನನ್ನ ಅತ್ತಿಗೆ ವಿಶಾಲಾಕ್ಷಮ್ಮ ಹಳೆಯ ಕಾಲದ ನಡವಳಿಕೆಯವರು, ಏನೋ ಒಂದು ಮಾತು ಅಂದಿರಬೇಕು. ಆಗ ನಾನು ಮನೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಹೀಗಾಗಲು ಬಿಡುತ್ತಿರಲಿಲ್ಲ. ಸಂಜೆ ತಿಳಿದು ನನಗೆ ಬಹಳ ಬೇಸರವಾಯಿತು. ಅತ್ತಿಗೆಗೂ ಹೇಳಿದೆ.

ನನ್ನ ಮೇಲೆ ವಿಶ್ವಾಸವಿಟ್ಟು ಜಲಜಳನ್ನು ಮತ್ತೆ ಶಾಲೆಗೆ ಕಳಿಸಿ.

ಸತ್ಯಭಾಮಾ


ಕಾರ್ಗಲ್
12 ಸೆಪ್ಟೆಂಬರ್ 1965

ಅಕ್ಕೋರಿಗೆ ನಮಸ್ಕಾರಗಳು.

ಹೋದ ಭಾನುವಾರ ರಜೆ ಹಾಕಿ ಹೊಳೆಕೊಪ್ಪಕ್ಕೆ ಬಂದಿದ್ದೆ. ಸಾಗರದಲ್ಲಿ ಬಸ್ಸು ಬದಲಿಸಿ, ಹೊಸನಗರದಲ್ಲಿ ಕಾದು, ನಿಮ್ಮೂರು ಸೇರುವಾಗ ಮಧ್ಯಾಹ್ನ. ನಿಮ್ಮನ್ನು ಕಾಣಲಿಲ್ಲ. ನಿಮ್ಮ ಮನೆಯ ಅಂಗಳದಲ್ಲಿ ಎಲ್ಲಿಯವರೆಗೆ ಬರಬಹುದೋ ನನಗೆ ಗೊತ್ತು, ಅಲ್ಲಿ ನಿಂತು ಕೇಳುವ ಮಾತಲ್ಲ ಇದು.

ಕಾಗದ ನೀವು ಬರೆದದ್ದು ಅಂತ ನನಗೆ ಆಗಸ್ಟಿನಲ್ಲೇ ಗೊತ್ತಾಗಿತ್ತು. ಜಲಜಳ ಕಾರ್ಡು ಬಂದ ದಿನ ಟ್ರಂಕಿನಿಂದ ಅದನ್ನು ತೆಗೆದು, ನೀವು ನನಗೆ ಬರೆದದ್ದರ ಪಕ್ಕದಲ್ಲಿ ಇಟ್ಟು ನೋಡಿದೆ. ಎರಡೂ ಒಂದೇ ಕೈ. ಮಕ್ಕಳ ಹಾಗೆ ದೊಡ್ಡದಾಗಿ ಬರೆದಿದ್ದೀರಿ, ಅಷ್ಟೇ. ನನಗೆ ಸಿಟ್ಟು ಬರಲಿಲ್ಲ. ಒಂದು ಮಗು ನಗಲಿ ಅಂತ ಅಕ್ಕೋರು ಇಷ್ಟು ಕಷ್ಟಪಟ್ಟರಲ್ಲ ಅಂತ ಅನ್ನಿಸಿತು. ನೀವೇ ಹೇಳುತ್ತೀರಿ ಅಂತ ಕಾದೆ. ನೀವು ಹೇಳಿದಿರಿ. ಅಲ್ಲಿಗೆ ಅದು ಮುಗಿಯಿತು.

ಇನ್ನೊಂದು ಮುಗಿದಿಲ್ಲ. ನಾನು ಬಸ್ಸಿಗೆ ಹೊರಡುವಾಗ ಜಲಜ ಹಿಂದೆ ಬಂದು ಹೇಳಿದಳು. "ಅಪ್ಪಾ, ಅಕ್ಕೋರು ಕಿಟಕೀಲಿದ್ರು. ನಾನು ನೋಡ್ದೆ. ಅವ್ರೂ ನೋಡಿದ್ರು."

"ಸರಿಯಾಗಿ ನೋಡಿದ್ಯಾ?" ಅಂದೆ.

"ಹೌದಪ್ಪಾ. ಕನ್ನಡಕ ಹಾಕಿದ್ರು."

ನೀವು ಮನೆಯಲ್ಲಿ ಇರಲಿಲ್ಲ ಅಂತ ಬರೆದಿದ್ದೀರಿ. ಇಬ್ಬರಲ್ಲಿ ಒಬ್ಬರದು ಸುಳ್ಳು. ನನ್ನ ಮಗಳು ಸುಳ್ಳೇ ಹೇಳುವುದಿಲ್ಲ ಅಂತ ನಾನು ಹೇಳಲಾರೆ, ಮಕ್ಕಳು ಹೇಳುತ್ತಾರೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ನನ್ನ ತಪ್ಪೂ ಇದೆ. ಅವಳನ್ನು ಆ ಮನೆಗೆ ಕಳಿಸಿದವನು ನಾನು. ಗೇಣಿ ಮಾಡಿ ಬದುಕಿದವನಿಗೆ ಯಾವ ಮನೆಯ ಮೆಟ್ಟಿಲು ಎಲ್ಲಿಗೆ ನಿಲ್ಲುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಗೊತ್ತಿದ್ದೂ ಕಳಿಸಿದೆ. ಕಾಗದದಲ್ಲಿ ಬರೆದಿತ್ತು ಅಂತ ನಂಬಿದೆ. ಜಲಜ "ನೀನೇ ಹೋಗು ಅಂದ್ಯಲ್ಲಪ್ಪಾ" ಅಂದಳು.

ನನ್ನ ತಂಗಿ ಕೆರಿಯಮ್ಮನ ಗಂಡನಿಗೆ ಕಾರ್ಗಲ್‌ನಲ್ಲಿ ಮನೆ ಕೊಡುತ್ತಾರಂತೆ. ದಸರೆ ರಜೆಯಲ್ಲಿ ಬಂದು ಜಲಜಳನ್ನು ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಅಜ್ಜಿಯ ಹತ್ತಿರವೇ ಇರುತ್ತಾಳೆ.

ಬೆಳ್ಳಪ್ಪ


ಹೊಳೆಕೊಪ್ಪ
21 ನವೆಂಬರ್ 1965

ಬೆಳ್ಳಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ನಾಲ್ಕು ಸಲ ಉತ್ತರ ಬರೆದು ನಾಲ್ಕು ಸಲವೂ ಹರಿದೆ. ಪ್ರತಿಯೊಂದರಲ್ಲೂ ನನಗೊಂದು ನೆಪ ಉಳಿದಿರುತ್ತಿತ್ತು. ಇದರಲ್ಲಿ ಉಳಿಯದ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ.

ಜಲಜ ಸುಳ್ಳು ಹೇಳಿಲ್ಲ. ನಾನು ಮನೆಯಲ್ಲಿದ್ದೆ.

ಆ ದಿನ ಮಧ್ಯಾಹ್ನ ಊಟವಾಗಿ ಕೋಣೆಯಲ್ಲಿ ಕುಳಿತು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದೆ. ಅಂಗಳದಲ್ಲಿ "ಮಹಾಲಕ್ಷ್ಮೀ" ಎಂದು ಕರೆದದ್ದು ಕೇಳಿಸಿತು. ಧ್ವನಿ ಕೇಳಿದ ಕೂಡಲೇ ಯಾರೆಂದು ತಿಳಿಯಿತು. ಕಿಟಕಿಯಿಂದ ನೋಡಿದೆ. ಜಲಜ ಒಗೆದ ಲಂಗ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಎರಡು ಎಳೆ ಸೌತೆಕಾಯಿಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತಿದ್ದಳು.

ಅತ್ತಿಗೆ ಹೊರಗೆ ಬಂದರು. "ಎಂತಕ್ಕೆ ಬಂದ್ಯೇ?" ಎಂದರು.

"ಮಹಾಲಕ್ಷ್ಮೀ ಬಾ ಅಂದಿದ್ಲು. ಆಡಕ್ಕೆ."

ಮಹಾಲಕ್ಷ್ಮೀ ತಾಯಿಯ ಹಿಂದಿನಿಂದ ಇಣುಕಿ, "ನಾನೆಲ್ಲಿ ಬಾ ಅಂದೆ?" ಎಂದಳು.

"ಕಾಗದದಲ್ಲಿ ಬರ್ದಿದ್ಯಲ್ಲ. ನನ್ನ ಅಕ್ಷರ ಚಂದ ಅಂತ. ಪಕ್ಕದಲ್ಲಿ ಕೂತ್ರೆ ಸಂತೋಷ ಅಂತ."

"ನಾನು ಹಾಗೆ ಬರ್ದೇ ಇಲ್ಲ. ಅಮ್ಮಾ, ಇವ್ಳು ಸುಳ್ಳು ಹೇಳ್ತಾಳೆ."

ಆಗ ಅತ್ತಿಗೆ ಒಳಗೆ ತಿರುಗಿ ನನ್ನನ್ನು ಕರೆದರು. "ಭಾಮಾ, ನಿಮ್ಮ ಶಾಲೆ ಹುಡುಗಿ ಎಂತದೋ ಕಾಗದ ಅಂತದೆ, ನೋಡು ಬಾ." ಅವರು ಕರೆದರು, ಬೆಳ್ಳಪ್ಪನವರೇ. ಹಳೆಯ ಕಾಲದವರೆಂದು ನಿಮಗೆ ದೂರಿದೆನಲ್ಲ, ಅವರು ವಿಷಯ ತಿಳಿಯಬೇಕೆಂದು ನನ್ನನ್ನು ಕರೆದರು. ನಾನು ಓಗೊಡಲಿಲ್ಲ. ಇನ್ನೊಮ್ಮೆ ಕರೆದು, "ಅವ್ಳು ಮನೇಲಿಲ್ಲ ಕಾಣ್ತದೆ" ಎಂದರು. ಆ ಮಾತನ್ನೇ ನಾನು ನಿಮಗೆ ಬರೆದದ್ದು.

ಆಗ ಜಲಜ ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು. ನನ್ನನ್ನು ಕಂಡಳು. "ಅಕ್ಕೋರು ಅಲ್ಲೇ ಇದಾರೆ" ಎಂದು ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಾನೇ ಬರುತ್ತೇನೆಂದು ಕಾದಳೋ ಏನೋ. ನಾನು ಕಿಟಕಿಯಿಂದ ಹಿಂದೆ ಸರಿದೆ.

"ತಂದದ್ದನ್ನ ಆ ಕಲ್ಲಿನ ಮೇಲಿಟ್ಟು ಹೋಗು. ಇನ್ನು ಹೀಗೆಲ್ಲ ಹೇಳ್ಕೊಂಡು ಬರ್ಬೇಡ" ಎಂದರು ಅತ್ತಿಗೆ. ಜಲಜ ಸೌತೆಕಾಯಿ ಇಟ್ಟು ಹೋದಳು. ಓಡಲಿಲ್ಲ, ನಡೆದುಕೊಂಡೇ ಹೋದಳು.

ಯಾಕೆ ಹೊರಗೆ ಹೋಗಲಿಲ್ಲವೆಂದು ನೀವು ಕೇಳಿಲ್ಲ. ಆದರೂ ಹೇಳಬೇಕು. ಹೋಗಿದ್ದರೆ ಕಾಗದ ನನ್ನದೆಂದು ಅತ್ತಿಗೆಯ ಎದುರಿಗೆ ಒಪ್ಪಿಕೊಳ್ಳಬೇಕಿತ್ತು. ಇನ್‌ಸ್ಪೆಕ್ಟರು ಬರೆದವರ ಹೆಸರು ಹೇಳದೆ ತರಗತಿಯಲ್ಲಿ ಗಟ್ಟಿಯಾಗಿ ಓದಿ ನನ್ನ ಬೆನ್ನು ತಟ್ಟಿದ್ದು ಅದೇ ಕಾಗದಕ್ಕೆ. ಮಹಾಲಕ್ಷ್ಮೀ ಆ ದಿನ ಜ್ವರವೆಂದು ಶಾಲೆಗೆ ಬಂದಿರಲಿಲ್ಲ, ಹಾಗಾಗಿ ನನಗೆ ಅನುಕೂಲವೇ ಆಗಿತ್ತು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಹೊರಗೆ ಹೋದರೆ ಜಲಜಳನ್ನು ಒಳಗೆ ಕರೆಯಬೇಕಿತ್ತು. ಕರೆಯುವ ಧೈರ್ಯ ನನಗಿರಲಿಲ್ಲ. ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸುವ ಮುಖವೂ ಇರಲಿಲ್ಲ. 'ನಮ್ಮ ಮನೆಗೆ ಬಾ' ಎಂದು ಬರೆಯುವಾಗ ಅದು ನನಗೆ ಒಂದು ಚಂದದ ವಾಕ್ಯವಾಗಿ ಕಂಡಿತ್ತು. ಯಾರಾದರೂ ಅದನ್ನು ನಂಬಿ ಬಂದಾರು ಎಂದು ಯೋಚಿಸಲೇ ಇಲ್ಲ.

ಮಹಾಲಕ್ಷ್ಮೀ ಬರೆದದ್ದು ಚೆನ್ನಾಗಿರಲಿಲ್ಲ ಎಂದಿದ್ದೆ. ಅವಳು ಬರೆದದ್ದು ಇಷ್ಟು: 'ನೀನು ಯಾರ ಹತ್ತಿರವೂ ಮಾತಾಡುವುದಿಲ್ಲ. ನಿನಗೆ ಏನು ಬರೆಯಬೇಕೋ ನನಗೆ ಗೊತ್ತಾಗಲಿಲ್ಲ. ಅಕ್ಕೋರು ಬರೆಯಲೇಬೇಕು ಅಂದಿದ್ದಾರೆ.' ಅದರಲ್ಲಿ ಒಂದು ಕೆಟ್ಟ ಮಾತೂ ಇಲ್ಲ. ಇನ್‌ಸ್ಪೆಕ್ಟರಿಗೆ ತೋರಿಸುವಂತಿರಲಿಲ್ಲ, ಅಷ್ಟೇ.

ನಿಮ್ಮ ಕಾಗದ ಬಂದ ಮೇಲಾದರೂ ನಾನು ಯಮುನಮ್ಮನ ಮನೆಗೆ ಹೋಗಬಹುದಿತ್ತು. ಶಾಲೆಯಿಂದ ಒಂದು ಮೈಲಿ. ದಿನವೂ ನಾಳೆ ಎಂದುಕೊಂಡೆ. ದಸರೆ ರಜೆಯೂ ಮುಗಿದ ಮೇಲೆ ಹೋದೆ. ಯಮುನಮ್ಮ ಹೊರಗೆ ಸೌದೆ ಒಟ್ಟುತ್ತಿದ್ದರು. "ಕರ್ಕೊಂಡು ಹೋದ್ನಲ್ಲ ಅಕ್ಕೋರೆ, ಹದಿನೈದು ದಿನ ಆಯ್ತು" ಎಂದರು. ಆಮೇಲೆ ನನ್ನನ್ನು ಒಳಗೆ ಕರೆದು, ಕೂರಲು ಮಣೆ ಹಾಕಿ, ಬೆಲ್ಲ ನೀರು ಕೊಟ್ಟರು. ಕುಡಿದೆ.

ಮರುದಿನ ತರಗತಿಯಲ್ಲಿ ಎಲ್ಲ ಮಕ್ಕಳ ಎದುರಿಗೆ ಹೇಳಿದೆ. ಕಾಗದ ನಾನು ಬರೆದದ್ದು, ಜಲಜ ಸುಳ್ಳು ಹೇಳಿರಲಿಲ್ಲ, ನಾನು ಒಳಗಿದ್ದೂ ಹೊರಗೆ ಬರಲಿಲ್ಲ ಎಂದು. ಮಕ್ಕಳು ಮಿಕಮಿಕ ನೋಡಿದರು. ಮಹಾಲಕ್ಷ್ಮೀ ಎದ್ದು ನಿಂತು ಅಳುತ್ತಾ, "ಹಾಗಾದ್ರೆ ನನ್ನ ಕಾಗದ ಎಲ್ಲಿ?" ಎಂದಳು. ಹರಿದೆ ಎಂದೆ. "ನನ್ನ ಕೇಳ್ದೇ ಹರಿದ್ರಾ? ಅವ್ಳು ಮನೆಗೆ ಬಂದಾಗ ನಾನು ಅವ್ಳನ್ನ ಸುಳ್ಳಿ ಅಂದೆ. ನಿಮ್ಮಿಂದ ಅಂದೆ" ಎಂದಳು. ಮನೆಯಲ್ಲಿ ಅವಳು ನನ್ನನ್ನು ಅತ್ತೆ ಎಂದು ಕರೆಯುವುದನ್ನು ನಿಲ್ಲಿಸಿ ಮೂರು ವಾರವಾಯಿತು. ಅತ್ತಿಗೆಗೂ ಎಲ್ಲ ಹೇಳಿದೆ. ಅವರು, "ಆ ದಿನ ನೀನು ಹೊರಗೆ ಬಂದಿದ್ರೆ ನಾನು ಆ ಮಗೂಗೆ ಅಷ್ಟು ಹೇಳ್ತಿರ್ಲಿಲ್ಲ" ಎಂದರು. ಇನ್‌ಸ್ಪೆಕ್ಟರಿಗೂ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಶನಿವಾರದ ಡಬ್ಬವನ್ನು ತೆಗೆದಿಟ್ಟಿದ್ದೇನೆ. ಕರುಣೆ ಕಲಿಸಲು ಹೊರಟವಳು ನಾನು. ಮಕ್ಕಳ ಎದುರಿಗೆ ಆ ಡಬ್ಬವನ್ನು ನೋಡಲು ನಾಚಿಕೆಯಾಗುತ್ತದೆ.

ಕ್ಷಮಿಸಿ ಎಂದು ನಿಮ್ಮನ್ನು ಕೇಳುವುದು ಸುಲಭ. ಜಲಜಳನ್ನು ಕೇಳಬೇಕು. ನಾನು ಅವಳಿಗೆ ಒಂದು ಕಾಗದ ಬರೆಯಬಹುದೇ? ಬೇಡವೆಂದರೆ ಬರೆಯುವುದಿಲ್ಲ.

ಸತ್ಯಭಾಮಾ


ಕಾರ್ಗಲ್
5 ಡಿಸೆಂಬರ್ 1965

ಅಕ್ಕೋರಿಗೆ ಬೆಳ್ಳಪ್ಪನ ನಮಸ್ಕಾರಗಳು.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಜಲಜ ಇಲ್ಲಿನ ಶಾಲೆಗೆ ಸೇರಿದ್ದಾಳೆ. ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಮುಳುಗಡೆಯವರೇ. ಆದ್ದರಿಂದ ಯಾರೂ ಯಾರನ್ನೂ ಹಾಗೆ ಕರೆಯುವುದಿಲ್ಲ. ಕೆರಿಯಮ್ಮನ ಜೊತೆ ಜಗಳ ಆಡುವಷ್ಟು ಮಾತು ಬಂದಿದೆ.

ನಿಮ್ಮ ಮೇಲೆ ನನಗೆ ಸಿಟ್ಟಿತ್ತು. ಇಲ್ಲ ಅಂದರೆ ಅದೂ ಸುಳ್ಳಾಗುತ್ತದೆ. ಈಗ ಎಷ್ಟು ಉಳಿದಿದೆ ಅಂತ ನನಗೇ ಗೊತ್ತಿಲ್ಲ. ನೀವು ಮಕ್ಕಳ ಎದುರಿಗೆ ಹೇಳಿದ್ದನ್ನು ಜಲಜಳಿಗೆ ಓದಿ ಹೇಳಿದೆ.

ಅಕ್ಕೋರು ನಿನಗೆ ಕಾಗದ ಬರೆಯಲಾ ಅಂತ ಕೇಳಿದ್ದಾರೆ, ಬರೀಬಹುದಾ ಬೇಡ್ವಾ ಅಂದೆ. "ಯಾರ ಹೆಸ್ರಲ್ಲಿ ಬರೀತಾರಂತೆ?" ಅಂದಳು.

ಅವಳು ಚುಚ್ಚಿ ಕೇಳಿದ್ದಲ್ಲ. ನಿಜವಾಗಿ ತಿಳಿಯದೆ ಕೇಳಿದಳು. ಬೇಡ ಅಂತ ಅವಳು ಹೇಳಿಲ್ಲವಾದ್ದರಿಂದ ಕೆರಿಯಮ್ಮನ ಮನೆಯ ವಿಳಾಸವನ್ನು ಹಿಂದೆ ಬರೆದಿದ್ದೇನೆ.

ಬೆಳ್ಳಪ್ಪ


ಹೊಳೆಕೊಪ್ಪ
12 ಡಿಸೆಂಬರ್ 1965

ಜಲಜಾ,

ಈ ಕಾಗದವನ್ನು ಬರೆಯುತ್ತಿರುವವಳು ಸತ್ಯಭಾಮಾ. ಹೊಳೆಕೊಪ್ಪದ ಶಾಲೆಯಲ್ಲಿ ನಿನಗೆ ಪಾಠ ಹೇಳಿದವಳು.

ಆ ಭಾನುವಾರ ನೀನು ಬಂದಾಗ ನಾನು ಒಳಗಿದ್ದೆ. ನೀನು ನನ್ನನ್ನು ನೋಡಿದ್ದು ನನಗೆ ಗೊತ್ತಾಯಿತು. ಆದರೂ ಹೊರಗೆ ಬರಲಿಲ್ಲ. ಆಮೇಲೆ ನಿನ್ನ ಅಪ್ಪನಿಗೆ ಮನೆಯಲ್ಲಿರಲಿಲ್ಲ ಎಂದು ಬರೆದೆ. ಸುಳ್ಳು ಹೇಳಿದವಳು ನಾನು, ನೀನಲ್ಲ. ಇದನ್ನು ನಿನ್ನ ಕ್ಲಾಸಿನವರಿಗೆಲ್ಲ ಹೇಳಿದ್ದೇನೆ.

ನಿನ್ನ ಅಕ್ಷರ ಚಂದ ಎಂದು ಆ ಕಾಗದದಲ್ಲಿ ಇತ್ತಲ್ಲ, ಅದು ನಿಜ. ನೀನು ಒಬ್ಬಳೇ ಹಾಡಿಕೊಳ್ಳುತ್ತಿದ್ದುದನ್ನು ಕೇಳಿದ್ದೂ ನಿಜ, ಕೇಳಿದವಳು ನಾನು. ನಮ್ಮ ಮನೆಗೆ ಬಾ ಎಂದದ್ದು ಮಾತ್ರ ನನ್ನ ಕೈಯಲ್ಲಿ ಇಲ್ಲದ ಮಾತು. ಈಗಲೂ ಬಾ ಎಂದು ಬರೆಯಬೇಕೆಂದು ಆಸೆಯಾಗುತ್ತದೆ. ಬರೆಯಲಾರೆ. ನಮ್ಮ ಅಂಗಳ ಇನ್ನೂ ಹಾಗೆಯೇ ಇದೆ. ನೀನು ಕರೆದರೆ ನಾನೇ ಕಾರ್ಗಲ್‌ಗೆ ಬರುತ್ತೇನೆ. ಕರೆಯದಿದ್ದರೆ ನಿನ್ನ ತಪ್ಪೇನೂ ಇಲ್ಲ. ಇದಕ್ಕೆ ಉತ್ತರ ಬರೆಯಲೇಬೇಕೆಂದೂ ಇಲ್ಲ.

ಮಹಾಲಕ್ಷ್ಮಿಗೆ ನಿನ್ನ ವಿಳಾಸ ಕೊಟ್ಟೆ. ಅವಳೂ ಒಂದು ಕಾಗದ ಬರೆದು, ತಾನೇ ಅನ್ನದ ಅಗುಳಿನಿಂದ ಅಂಟಿಸಿ, ಇದರ ಜೊತೆ ಕಳಿಸಲು ಕೊಟ್ಟಿದ್ದಾಳೆ. ಅದರಲ್ಲಿ ಏನಿದೆಯೋ ನನಗೆ ತಿಳಿಯದು. ನಾನು ಬಿಚ್ಚಿ ನೋಡಿಲ್ಲ.

ಸತ್ಯಭಾಮಾ